ಎಣಿಕೆಗೆ ಸಿಗುವ ಸುಳಿಗಳು

ಹಾಲೆಂಡಿನಲ್ಲಿ ಲೈಡನ್ ಎಂಬ ಹಳೆಯ ವಿಶ್ವವಿದ್ಯಾನಿಲಯದ ಊರಿದೆ. 1908ರ ಜುಲೈ 10ರಂದು ಆ ಊರಿನ ಪ್ರಯೋಗಾಲಯದಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಅವರು ಹೀಲಿಯಂ ಅನಿಲವನ್ನು ಮೊಟ್ಟಮೊದಲ ಬಾರಿಗೆ ದ್ರವವಾಗಿಸಿದರು. ಹದಿನೇಳು ವರ್ಷ ಕಳೆದ ಮೇಲೆ, 1925ರಲ್ಲಿ, ಅದೇ ಊರಿನ ಇಬ್ಬರು ತರುಣರು, ಜಾರ್ಜ್ ಊಲೆನ್‌ಬೆಕ್ ಮತ್ತು ಸ್ಯಾಮ್ಯುಯೆಲ್ ಗೌಡ್‌ಸ್ಮಿಟ್, ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣ ಇರಲೇಬೇಕು ಎಂದು ಬರೆದರು. ಒಂದು ಥಂಡಿಯ ವಿಷಯ, ಇನ್ನೊಂದು ಪರಮಾಣುವಿನ ಒಳಗಿನ ವಿಷಯ. ಇವೆರಡೂ ಮುಂದೊಂದು ದಿನ ಭೇಟಿಯಾಗುತ್ತವೆ ಎಂದು ಆಗ ಯಾರಿಗೂ ತೋಚಿರಲಾರದು. ಭೇಟಿಯಾದದ್ದು ನಿಜ, ಆದರೆ ಸಾಮಾನ್ಯವಾಗಿ ನಾವು ಊಹಿಸುವ ಜಾಗದಲ್ಲಿ ಅಲ್ಲ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಹೀಲಿಯಂ. ಇದು ಕುದಿಯುವುದೇ 4.2 ಕೆಲ್ವಿನ್‌ನಲ್ಲಿ, ಎಂದರೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದನ್ನು ಇನ್ನೂ ತಣಿಸುತ್ತ 2.17 ಕೆಲ್ವಿನ್ ದಾಟಿಸಿದರೆ ದ್ರವದ ನಡತೆಯೇ ಬದಲಾಗುತ್ತದೆ. ಭೋರೆಂದು ಕುದಿಯುತ್ತಿದ್ದದ್ದು ತಟ್ಟನೆ ನಿಶ್ಚಲವಾಗುತ್ತದೆ. ಬೇರೆ ಯಾವ ದ್ರವವೂ ನುಸುಳಲಾರದ ಸೂಕ್ಷ್ಮ ಸಂದುಗಳಲ್ಲಿ ತಡೆಯೇ ಇಲ್ಲದೆ ಹರಿಯುತ್ತದೆ. 1938ರಲ್ಲಿ ಮಾಸ್ಕೋದಲ್ಲಿ ಪ್ಯೋತ್ರ್ ಕಪಿತ್ಸಾ, ಕೇಂಬ್ರಿಜ್‌ನಲ್ಲಿ ಜಾನ್ ಆಲನ್ ಮತ್ತು ಡಾನ್ ಮೈಸ್ನರ್ ಇದನ್ನು ಬೇರೆಬೇರೆಯಾಗಿ ಕಂಡರು. ಎರಡೂ ವರದಿಗಳು 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಸ್ನಿಗ್ಧತೆಯನ್ನು ಕಳೆದುಕೊಂಡ ಈ ಸ್ಥಿತಿಗೆ ಅತಿದ್ರವ ಎಂದು ಹೆಸರು.

ಇಂಥ ದ್ರವವನ್ನು ಒಂದು ಪಾತ್ರೆಯಲ್ಲಿಟ್ಟು ಪಾತ್ರೆಯನ್ನು ತಿರುಗಿಸಿದರೆ ಏನಾಗಬೇಕು? ನೀರಾದರೆ ಗೋಡೆಯ ಘರ್ಷಣೆ ಹಿಡಿದೆಳೆದು, ಕೊನೆಗೆ ಇಡೀ ನೀರು ಪಾತ್ರೆಯ ಜೊತೆ ತಿರುಗುತ್ತದೆ. ಮೇಲ್ಮೈ ನಡುವೆ ತಗ್ಗಿ ಅಂಚಿನಲ್ಲಿ ಏರುತ್ತದೆ. ಅತಿದ್ರವದ ಸಿದ್ಧಾಂತ ಕಟ್ಟಿದ ಲೆವ್ ಲ್ಯಾಂಡೌ ಅವರ ಪ್ರಕಾರ ಅದು ಹಾಗೆ ತಿರುಗುವಂತೆಯೇ ಇಲ್ಲ. ಪಾತ್ರೆ ತಿರುಗಲಿ, ಅತಿದ್ರವದ ಪಾಲು ನಿಂತಲ್ಲೇ ನಿಲ್ಲಬೇಕು. 1950ರಲ್ಲಿ ಕೇಂಬ್ರಿಜ್‌ನಲ್ಲಿ ಓಸ್ಬೋರ್ನ್ ಎಂಬವರು ತಿರುಗಿಸಿ ನೋಡಿದರು. ಮೇಲ್ಮೈ ಥೇಟ್ ನೀರಿನದರಂತೆಯೇ ತಗ್ಗಿತ್ತು. ತಿರುಗಬಾರದ ದ್ರವ ತಿರುಗುತ್ತಿತ್ತು.

ಉತ್ತರ ಅದಕ್ಕೂ ಒಂದು ವರ್ಷ ಮೊದಲೇ ಬಂದಿತ್ತು, ಗಮನಿಸಿದವರು ಕಡಿಮೆ. 1949ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ, ಬೇರೊಬ್ಬರ ಉಪನ್ಯಾಸದ ನಂತರದ ಚರ್ಚೆಯಲ್ಲಿ ಲಾರ್ಸ್ ಆನ್ಸಾಗರ್ ಎದ್ದು ನಿಂತು, ಅತಿದ್ರವದಲ್ಲಿ ಸುಳಿಗಳು ಏಳಬಹುದು, ಆದರೆ ಅವುಗಳ ಬಲ ನಿಗದಿತ ಅಳತೆಯ ಪೂರ್ಣಸಂಖ್ಯೆಗಳಲ್ಲಿ ಮಾತ್ರ ಇರುತ್ತದೆ ಎಂದು ಹೇಳಿದರು. ಇಡೀ ಒಂದು ಅಧ್ಯಯನ ಶಾಖೆಗೆ ಬುನಾದಿಯಾದ ಮಾತು ಅದು, ಚರ್ಚೆಯ ನಡುವಿನ ಒಂದು ಟಿಪ್ಪಣಿಯಾಗಿ ಅಚ್ಚಾಯಿತು. 1955ರಲ್ಲಿ ರಿಚರ್ಡ್ ಫೈನ್‌ಮನ್ ಸ್ವತಂತ್ರವಾಗಿ ಅಲ್ಲಿಗೇ ಬಂದು ತಲುಪಿ, ಚಿತ್ರವನ್ನು ಪೂರ್ತಿ ಬಿಡಿಸಿಟ್ಟರು.

ಆ ಚಿತ್ರವನ್ನು ನಿಧಾನವಾಗಿ ನೋಡೋಣ. ಅತಿದ್ರವದಲ್ಲಿ ಕೋಟ್ಯಂತರ ಪರಮಾಣುಗಳು ಒಂದೇ ಅಲೆಯಲ್ಲಿ ಸೇರಿಕೊಂಡಿರುತ್ತವೆ. ಅಲೆಗೆ ಎತ್ತರ ಇರುವ ಹಾಗೆಯೇ ಪ್ರಾವಸ್ಥೆಯೂ ಇರುತ್ತದೆ. ದ್ರವದ ಪ್ರತಿ ಬಿಂದುವಿನಲ್ಲೂ ಒಂಟಿ ಮುಳ್ಳಿನ ಒಂದು ಪುಟ್ಟ ಗಡಿಯಾರ ಇಟ್ಟಿದೆ ಎಂದುಕೊಳ್ಳಿ. ಆ ಮುಳ್ಳು ತೋರುವ ದಿಕ್ಕೇ ಪ್ರಾವಸ್ಥೆ. ದ್ರವ ನಿಂತಿದ್ದರೆ ಎಲ್ಲ ಮುಳ್ಳುಗಳೂ ಒಂದೇ ಕಡೆ ನೋಡುತ್ತವೆ. ಹರಿಯುತ್ತಿದ್ದರೆ ಒಂದರಿಂದ ಮುಂದಿನದಕ್ಕೆ ಮುಳ್ಳು ಚೂರುಚೂರೇ ತಿರುಗಿರುತ್ತದೆ. ಹರಿವು ವೇಗವಾದಷ್ಟೂ ತಿರುವು ಹೆಚ್ಚು. ಈಗ ಒಂದು ಗಡಿಯಾರದಿಂದ ಹೊರಟು ವೃತ್ತಾಕಾರದಲ್ಲಿ ಸುತ್ತಿ ಮತ್ತೆ ಅದೇ ಗಡಿಯಾರದ ಮುಂದೆ ಬಂದು ನಿಲ್ಲಿ. ಒಂದೇ ಗಡಿಯಾರದಲ್ಲಿ ಮುಳ್ಳು ಎರಡು ಕಡೆ ಇರಲು ಸಾಧ್ಯವಿಲ್ಲ. ಆದ್ದರಿಂದ ದಾರಿಯುದ್ದಕ್ಕೂ ಅದು ತಿರುಗಿದ್ದು ಒಟ್ಟು ಸೊನ್ನೆ ಸುತ್ತು, ಇಲ್ಲವೇ ಒಂದು, ಇಲ್ಲವೇ ಎರಡು. ಒಂದೂಕಾಲು ಸುತ್ತು ಇರುವಂತಿಲ್ಲ. ಸುಳಿಯ ಬಲ ಪೂರ್ಣಸಂಖ್ಯೆಗೆ ಕಟ್ಟುಬೀಳುವುದು ಇಷ್ಟರಿಂದಲೇ. ಅಳತೆಯ ಮೂಲಮಾನ ಯಾವುದೆಂದರೆ, ಪ್ಲಾಂಕ್ ಸ್ಥಿರಾಂಕವನ್ನು ಒಂದು ಹೀಲಿಯಂ ಪರಮಾಣುವಿನ ದ್ರವ್ಯರಾಶಿಯಿಂದ ಭಾಗಿಸಿದರೆ ಬರುವ ಸಂಖ್ಯೆ.

ಪ್ಲಾಂಕ್ ಸ್ಥಿರಾಂಕ ಪರಮಾಣು ಲೋಕದ ಅತಿಸಣ್ಣ ಸಂಖ್ಯೆ. ಆದರೆ ಈ ಭಾಗಾಕಾರದಿಂದ ಬರುವ ವೇಗಗಳು ನಮ್ಮ ಕಣ್ಣಳತೆಯವು. ಸುಳಿಯ ನಡುವಿನಿಂದ ಒಂದು ಮಿಲಿಮೀಟರ್ ದೂರದಲ್ಲಿ ದ್ರವ ಸೆಕೆಂಡಿಗೆ ಸುಮಾರು 16 ಮೈಕ್ರೊಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ಎಂದರೆ ಒಂದು ಮಿಲಿಮೀಟರ್ ಸಾಗಲು ಒಂದು ನಿಮಿಷ, ಒಂದು ಪೂರ್ತಿ ಸುತ್ತಿಗೆ ಆರೂವರೆ ನಿಮಿಷ. ಕ್ವಾಂಟಮ್ ನಿಯಮವೊಂದು ಇಷ್ಟು ಸಾವಧಾನದಿಂದ, ಇಷ್ಟು ದೊಡ್ಡದಾಗಿ ನಡೆದು ತೋರಿಸುವ ಜಾಗ ನಿಸರ್ಗದಲ್ಲಿ ತೀರ ಅಪರೂಪ. ಈ ಅಂಕಿಯನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಸುಳಿಯ ನಡುವೆ ಏನಿದೆ? ಅಲ್ಲಿ ಎಲ್ಲ ದಿಕ್ಕಿನ ಮುಳ್ಳುಗಳೂ ಒಂದೆಡೆ ಕೂಡುವುದರಿಂದ ಯಾವ ದಿಕ್ಕೂ ನಿಲ್ಲದು. ಸುಳಿಯ ನಟ್ಟನಡುವೆ, ಒಂದು ಎಳೆಯಷ್ಟು ಜಾಗದಲ್ಲಿ, ಅತಿದ್ರವವೇ ಇಲ್ಲವಾಗುತ್ತದೆ. ಆ ಎಳೆಯ ದಪ್ಪ ಹೆಚ್ಚುಕಡಿಮೆ ಒಂದು ಪರಮಾಣುವಿನಷ್ಟು, ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಓಸ್ಬೋರ್ನ್ ಅವರ ಪಾತ್ರೆಯಲ್ಲಿ ನಡೆದದ್ದು ಇದೇ. ಒಟ್ಟಾಗಿ ತಿರುಗಲಾರದ ದ್ರವ, ಪಾತ್ರೆಯ ಅಕ್ಷಕ್ಕೆ ಸಮಾನಾಂತರವಾಗಿ ಸಾವಿರಾರು ಸುಳಿಯೆಳೆಗಳನ್ನು ನಿಲ್ಲಿಸಿಕೊಂಡು, ಅವುಗಳ ಮೂಲಕ ತಿರುಗಿದಂತೆ ಕಾಣುತ್ತಿತ್ತು. ಫೈನ್‌ಮನ್ ಲೆಕ್ಕದಂತೆ, ಆರು ಸೆಕೆಂಡಿಗೊಮ್ಮೆ ತಿರುಗುವ ಪಾತ್ರೆಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2000 ಸುಳಿಗಳು.

ಇದು ಕಾಗದದ ಮೇಲಿನ ಮಾತಾಗಿ ಉಳಿಯಲಿಲ್ಲ. ಜೋ ವೈನನ್ ಅವರು ಕೇಂಬ್ರಿಜ್‌ನಲ್ಲಿ ಸಣ್ಣ ತಂತಿಯೊಂದನ್ನು ಹೀಲಿಯಂನೊಳಗೆ ಬಿಗಿದು ಮೀಟಿ, ಅದರ ಕಂಪನದ ದಿಕ್ಕು ಹೇಗೆ ತಿರುಗುತ್ತದೆ ಎಂಬುದರಿಂದ ತಂತಿಯನ್ನು ಸುತ್ತುವ ಒಂದೇ ಒಂದು ಸುಳಿಯ ಬಲವನ್ನು ಅಳೆದರು. 1961ರಲ್ಲಿ ಅದು ಪ್ರಕಟವಾಯಿತು. 1979ರಲ್ಲಿ ಬರ್ಕ್ಲಿಯ ರಿಚರ್ಡ್ ಪ್ಯಾಕರ್ಡ್ ಮತ್ತು ಸಂಗಡಿಗರು ಸುಳಿಯೆಳೆಗಳಲ್ಲಿ ಎಲೆಕ್ಟ್ರಾನುಗಳನ್ನು ಸಿಕ್ಕಿಸಿ, ಅವುಗಳನ್ನು ಮೇಲಕ್ಕೆಳೆದು ಪರದೆಗೆ ಬಡಿಸಿ, ಸುಳಿಗಳ ಚಿತ್ರವನ್ನೇ ತೆಗೆದರು. 2006ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಗಟ್ಟಿ ಹೈಡ್ರೊಜನ್ನಿನ ಸೂಕ್ಷ್ಮ ಕಣಗಳನ್ನು ಹೀಲಿಯಂನಲ್ಲಿ ತೇಲಿಬಿಟ್ಟು, ಅವು ಸುಳಿಯೆಳೆಯ ಮೇಲೆ ಸಾಲಾಗಿ ಕೂರುವುದನ್ನು ಕ್ಯಾಮೆರಾದಲ್ಲಿ ಹಿಡಿದರು. ಆ ತಂಡದಲ್ಲಿದ್ದ ಕೆ. ಆರ್. ಶ್ರೀನಿವಾಸನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿದವರು.

ಈಗ ಸ್ಪಿನ್. ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ತಮ್ಮ ವಿಚಾರವನ್ನು ಹಿರಿಯರಾದ ಲೊರೆಂಟ್ಸ್ ಅವರ ಮುಂದಿಟ್ಟಾಗ ಅವರು ಲೆಕ್ಕ ಹಾಕಿ ತೋರಿಸಿದರು: ಎಲೆಕ್ಟ್ರಾನ್ ನಿಜವಾಗಿ ಬುಗುರಿಯ ಹಾಗೆ ಸುತ್ತುವ ಗುಂಡು ಆಗಿದ್ದರೆ ಅದರ ಅಂಚಿನ ವೇಗ ಬೆಳಕಿನ ವೇಗವನ್ನು ಎಷ್ಟೋ ಪಟ್ಟು ಮೀರಬೇಕು. ತರುಣರು ಗಾಬರಿಯಾಗಿ ಲೇಖನ ವಾಪಸು ಪಡೆಯಲು ಹೊರಟರು. ಅವರ ಗುರು ಎಹ್ರೆನ್‌ಫೆಸ್ಟ್ ಅಷ್ಟರಲ್ಲಿ ಅದನ್ನು ಪತ್ರಿಕೆಗೆ ಕಳಿಸಿಬಿಟ್ಟಿದ್ದರು. ಗುರು ಅವಸರ ಮಾಡಿದ್ದು ಒಳ್ಳೆಯದೇ ಆಯಿತು. ಲೊರೆಂಟ್ಸ್ ಅವರ ಲೆಕ್ಕ ಸರಿ, ಸ್ಪಿನ್ ಕೂಡ ಸರಿ. ತಪ್ಪಾಗಿದ್ದದ್ದು ಸುತ್ತುವ ಗುಂಡಿನ ಚಿತ್ರ. ಎಲೆಕ್ಟ್ರಾನಿನೊಳಗೆ ಯಾವ ಭಾಗವೂ ಸುತ್ತುತ್ತಿಲ್ಲ. ಆದರೂ ಅದಕ್ಕೆ ಕೋನೀಯ ಸಂವೇಗವಿದೆ, ಮತ್ತು ಅದು ಕ್ವಾಂಟಮ್ ಮೂಲಮಾನದ ಸರಿಯಾಗಿ ಅರ್ಧ.

ಇಲ್ಲಿ ಅನೇಕರ ಮನಸ್ಸಿಗೆ ಒಂದು ಪ್ರಶ್ನೆ ಬರುತ್ತದೆ, ಬರಬೇಕಾದ ಪ್ರಶ್ನೆಯೇ. ಸುಳಿಯೂ ಪ್ಲಾಂಕ್ ಸ್ಥಿರಾಂಕದ ಅಳತೆಯಲ್ಲಿ ಸುತ್ತುತ್ತದೆ, ಸ್ಪಿನ್ನಿಗೂ ಅದೇ ಅಳತೆ. ಹಾಗಾದರೆ ಎಲೆಕ್ಟ್ರಾನ್ ಎಂಬುದು ಯಾವುದೋ ಕಾಣದ ಅತಿದ್ರವದಲ್ಲಿ ಎದ್ದ ಒಂದು ಸುಳಿಯೇ ಏಕಾಗಿರಬಾರದು? ಆಕಾಶವೇ ಅಂಥ ದ್ರವ ಏಕಾಗಿರಬಾರದು?

ಈ ಆಸೆಗೆ ವಯಸ್ಸಾಗಿದೆ. 1858ರಲ್ಲಿ ಹೆಲ್ಮ್‌ಹೋಲ್ಟ್ಸ್, ಘರ್ಷಣೆಯಿಲ್ಲದ ದ್ರವದಲ್ಲಿ ಸುಳಿ ಹುಟ್ಟಲಾರದು, ಇದ್ದರೆ ಸಾಯಲಾರದು ಎಂದು ಗಣಿತದಲ್ಲಿ ತೋರಿಸಿದ್ದರು. 1867ರಲ್ಲಿ, ಗೆಳೆಯ ಟೇಟ್ ಮಾಡಿ ತೋರಿಸಿದ ಹೊಗೆಯುಂಗುರಗಳು ಪರಸ್ಪರ ಬಡಿದು ನಡುಗಿ ಮತ್ತೆ ದುಂಡಗಾಗುವುದನ್ನು ನೋಡಿದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು, ಪರಮಾಣುಗಳೆಂದರೆ ಆಕಾಶವನ್ನೆಲ್ಲ ತುಂಬಿದೆ ಎಂದು ಆಗ ನಂಬಿದ್ದ ಈಥರ್‌ನಲ್ಲಿ ಎದ್ದ ಸುಳಿಯುಂಗುರಗಳು ಎಂದರು. ಒಂದೊಂದು ಮೂಲವಸ್ತುವಿಗೂ ಒಂದೊಂದು ಬಗೆಯ ಗಂಟು. ಟೇಟ್ ವರ್ಷಗಟ್ಟಲೆ ಕೂತು ಗಂಟುಗಳ ಪಟ್ಟಿಯನ್ನೇ ಮಾಡಿದರು; ಗಣಿತದಲ್ಲಿ ಅದರಿಂದ ಒಂದು ಶಾಖೆ ಚಿಗುರಿತು. ಪರಮಾಣುವಿನ ಮಟ್ಟಿಗೆ ಮಾತ್ರ ಆ ಕಲ್ಪನೆ ಶತಮಾನ ಮುಗಿಯುವ ಹೊತ್ತಿಗೆ ಕೈಬಿಟ್ಟುಹೋಯಿತು. ಕೆಲ್ವಿನ್ ಬಯಸಿದ ದ್ರವ ಅಂತರಿಕ್ಷದಲ್ಲಿ ಇರಲಿಲ್ಲ. ಅದು ಅವರದೇ ಹೆಸರಿನ ಅಳತೆಪಟ್ಟಿಯಲ್ಲಿ 2.17ರ ಕೆಳಗೆ ಕಾದಿತ್ತು.

1964ರಲ್ಲಿ ರೇಫೀಲ್ಡ್ ಮತ್ತು ರೈಫ್ ಅವರು ಹೀಲಿಯಂನಲ್ಲಿ ವಿದ್ಯುದಂಶ ಹೊತ್ತ ಸುಳಿಯುಂಗುರಗಳನ್ನು ಸೃಷ್ಟಿಸಿ ಓಡಿಸಿ ನೋಡಿದಾಗ, ಉಂಗುರಕ್ಕೆ ಶಕ್ತಿ, ಸಂವೇಗ ಎಲ್ಲವೂ ಒಂದು ಕಣಕ್ಕಿದ್ದ ಹಾಗೆಯೇ ಇದ್ದವು. ಹೆಚ್ಚು ಶಕ್ತಿ ಕೊಟ್ಟಷ್ಟೂ ಉಂಗುರ ದೊಡ್ಡದಾಗಿ, ನಿಧಾನವಾಗುತ್ತಿತ್ತು ಎಂಬುದೊಂದು ವಿಚಿತ್ರ. ಸುಳಿ ಕಣದಂತೆ ವರ್ತಿಸಬಲ್ಲದು, ಒಪ್ಪೋಣ. ಆದರೆ ಕಣದ ಸ್ಪಿನ್ ಎಂದರೆ ಸುಳಿಯೇ ಎನ್ನಲು ನಾನು ಒಪ್ಪಲಾರೆ. ಸುಳಿಯ ಶಕ್ತಿ ಅದು ನಿಂತ ಪಾತ್ರೆಯ ಗಾತ್ರವನ್ನು ಅವಲಂಬಿಸುತ್ತದೆ. ಅದು ನಟ್ಟನಡುವೆ ಇದ್ದರೆ ಪ್ರತಿ ಪರಮಾಣುವಿಗೂ ಒಂದು ಪೂರ್ಣ ಮೂಲಮಾನದ ಕೋನೀಯ ಸಂವೇಗ ಸಿಗುತ್ತದೆ. ಸುಳಿ ಅಂಚಿಗೆ ಸರಿದಂತೆ ಒಟ್ಟು ಮೊತ್ತ ಕುಗ್ಗುತ್ತ ಹೋಗುತ್ತದೆ. ಎಲೆಕ್ಟ್ರಾನಿನ ಸ್ಪಿನ್ ಹಾಗೆ ಸ್ಥಳ ನೋಡಿ ಬದಲಾಗುವುದಿಲ್ಲ. ಲೈಡನ್ನಿನಲ್ಲೂ ಅರ್ಧ, ದೂರದ ನಕ್ಷತ್ರದಲ್ಲೂ ಅರ್ಧ. ಎಲ್ಲಕ್ಕಿಂತ ಮಿಗಿಲಾಗಿ, ಹೀಲಿಯಂನ ಗಡಿಯಾರದ ಮುಳ್ಳು ಪೂರ್ಣ ಸುತ್ತುಗಳನ್ನು ಮಾತ್ರ ಬಲ್ಲದು. ಅಲ್ಲಿ ಅರ್ಧಕ್ಕೆ ಜಾಗವಿಲ್ಲ.

ಹಾಗಾದರೆ ನಂಟು ಎಲ್ಲಿದೆ? ಸುಳಿ ಹುಟ್ಟಬಹುದೇ ಬೇಡವೇ ಎಂದು ತೀರ್ಮಾನಿಸುವುದೇ ಸ್ಪಿನ್. ಸಾಮಾನ್ಯ ಹೀಲಿಯಂ ಪರಮಾಣುವಿನಲ್ಲಿ ಎರಡು ಪ್ರೋಟಾನು, ಎರಡು ನ್ಯೂಟ್ರಾನು, ಎರಡು ಎಲೆಕ್ಟ್ರಾನು. ಎಲ್ಲವಕ್ಕೂ ಅರ್ಧ ಸ್ಪಿನ್. ಜೋಡಿಜೋಡಿಯಾಗಿ ಎದುರುಬದುರಾಗಿ ಒಟ್ಟು ಸೊನ್ನೆ. ಸ್ಪಿನ್ ಪೂರ್ಣಸಂಖ್ಯೆಯಾಗಿರುವ ಇಂಥ ಕಣಗಳು, 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಬರೆದು ಕಳಿಸಿದ ಎಣಿಕೆಯ ನಿಯಮಕ್ಕೆ ಒಳಪಟ್ಟವು. ಎಷ್ಟು ಬೇಕಾದರೂ ಒಂದೇ ಅಲೆಯಲ್ಲಿ ನೆಲೆಸಬಲ್ಲವು. ಅತಿದ್ರವದ ಹಿಂದೆ ಬೋಸ್ ಮತ್ತು ಐನ್‌ಸ್ಟೈನ್ ಅವರ ಈ ಸಾಂದ್ರೀಕರಣ ಇದೆ ಎಂದು 1938ರಲ್ಲೇ ಫ್ರಿಟ್ಸ್ ಲಂಡನ್ ಹೇಳಿದ್ದರು. ಈಗ ಒಂದು ನ್ಯೂಟ್ರಾನ್ ಕಿತ್ತುಬಿಡಿ. ಹೀಲಿಯಂ-3 ಸಿಗುತ್ತದೆ, ಒಟ್ಟು ಸ್ಪಿನ್ ಅರ್ಧ. ರಸಾಯನಶಾಸ್ತ್ರಕ್ಕೆ ಎರಡೂ ಒಂದೇ ಅನಿಲ. ಆದರೆ ಅರ್ಧ ಸ್ಪಿನ್ನಿನವು ಒಂದೇ ನೆಲೆಯನ್ನು ಹಂಚಿಕೊಳ್ಳಲಾರವು. ಹೀಲಿಯಂ-3ರ ಅತಿದ್ರವ ಕಾಣಲು 1972ರವರೆಗೆ ಕಾಯಬೇಕಾಯಿತು. ಕಾರ್ನೆಲ್‌ನಲ್ಲಿ ಓಶೆರಾಫ್, ರಿಚರ್ಡ್ಸನ್ ಮತ್ತು ಲೀ ಅದನ್ನು ಕಂಡದ್ದು ಕೆಲ್ವಿನ್ನಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ಥಂಡಿಯಲ್ಲಿ. ಅಲ್ಲಿ ಪರಮಾಣುಗಳು ಎರಡೆರಡು ಕೂಡಿ ಪೂರ್ಣಸಂಖ್ಯೆಯಾಗಿ, ಆಮೇಲೆ ಒಂದಾಗಿ ಹರಿಯುತ್ತವೆ. ಸುಳಿಯ ಅಳತೆಯನ್ನು ಕಂಡುಹಿಡಿಯಲು ಅಲ್ಲಿ ಭಾಗಿಸಬೇಕಾದದ್ದು ಎರಡು ಪರಮಾಣುಗಳ ದ್ರವ್ಯರಾಶಿಯಿಂದ.

ಇದಕ್ಕಿಂತಲೂ ನೇರವಾದ ಇನ್ನೊಂದು ನಂಟಿದೆ. ನನಗೆ ಇದು ಇಡೀ ವಿಷಯದ ತಿರುಳು. 2002ರಲ್ಲಿ ಅಮೆರಿಕದ ಎಂಐಟಿಯಲ್ಲಿ ವುಲ್ಫ್‌ಗ್ಯಾಂಗ್ ಕೆಟರ್ಲೆ ಅವರ ತಂಡ, ಕಾಂತಕ್ಷೇತ್ರದ ಬಲೆಯಲ್ಲಿ ತೂಗುಬಿಟ್ಟ ಸೋಡಿಯಂ ಪರಮಾಣುಗಳ ಅತಿದ್ರವವನ್ನು ತಿರುಗಿಸಲೇ ಇಲ್ಲ, ಕದಡಲೂ ಇಲ್ಲ. ಬಲೆಯ ಅಕ್ಷದುದ್ದಕ್ಕೂ ಇದ್ದ ಕಾಂತಕ್ಷೇತ್ರವನ್ನು ಮೆಲ್ಲಗೆ ತಲೆಕೆಳಗು ಮಾಡಿದರು, ಅಷ್ಟೆ. ಪರಮಾಣುಗಳ ಸ್ಪಿನ್ ಕ್ಷೇತ್ರವನ್ನು ಹಿಂಬಾಲಿಸಿ, ಮೇಲೆ ನೋಡುತ್ತಿದ್ದದ್ದು ಕೆಳಗೆ ನೋಡುವಂತಾಯಿತು. ಆ ಹೊತ್ತಿಗೆ ದ್ರವದ ನಡುವೆ ಒಂದು ಸುಳಿ ಎದ್ದಿತ್ತು.

ಇದು ಹೇಗೆ? ಸ್ಪಿನ್ನಿನ ದಿಕ್ಕನ್ನು ಒಂದು ಗೋಳದ ಮೇಲೆ ಗುರುತಿಸಿ. ಉತ್ತರ ಧ್ರುವದಿಂದ ದಕ್ಷಿಣ ಧ್ರುವಕ್ಕೆ ಎಲ್ಲ ಪರಮಾಣುಗಳೂ ಹೋದವು, ಆದರೆ ಅಕ್ಷದ ಪೂರ್ವಕ್ಕಿದ್ದ ಪರಮಾಣು ಒಂದು ರೇಖಾಂಶ ಹಿಡಿದು ಹೋಯಿತು, ಪಶ್ಚಿಮಕ್ಕಿದ್ದದ್ದು ಇನ್ನೊಂದು ರೇಖಾಂಶ ಹಿಡಿಯಿತು. ಹೊರಟ ಊರು ಒಂದೇ, ಸೇರಿದ ಊರು ಒಂದೇ, ದಾರಿ ಬೇರೆ. ಎರಡು ದಾರಿಗಳ ನಡುವೆ ಗೋಳದ ಎಷ್ಟು ವಿಸ್ತೀರ್ಣ ಸಿಕ್ಕಿದೆಯೋ, ಅದನ್ನು ಸ್ಪಿನ್ನಿನಿಂದ ಗುಣಿಸಿದಷ್ಟು ಅವುಗಳ ಮುಳ್ಳುಗಳ ನಡುವೆ ವ್ಯತ್ಯಾಸ ಉಳಿಯುತ್ತದೆ. ಅಕ್ಷವನ್ನು ಒಂದು ಸುತ್ತು ಸುತ್ತಿ ಬಂದರೆ ರೇಖಾಂಶಗಳು ಇಡೀ ಗೋಳವನ್ನು ಗುಡಿಸಿರುತ್ತವೆ. ಮುಳ್ಳು, ಸ್ಪಿನ್ನಿನ ಎರಡರಷ್ಟು ಸುತ್ತು ತಿರುಗಿರುತ್ತದೆ. ಸ್ಪಿನ್ 1 ಇದ್ದ ಪರಮಾಣುಗಳಲ್ಲಿ ಎರಡು ಮೂಲಮಾನದ ಸುಳಿ, ಸ್ಪಿನ್ 2 ಇದ್ದಾಗ ನಾಲ್ಕು. ಪ್ರಯೋಗದಲ್ಲಿ ಸಿಕ್ಕಿದ್ದೂ ಸರಿಯಾಗಿ ಅದೇ. ಸ್ಪಿನ್ ತಿರುಗಿತು, ಸುಳಿ ಹುಟ್ಟಿತು, ಲೆಕ್ಕ ತಾಳೆಯಾಯಿತು.

ವಿಸ್ತೀರ್ಣದಿಂದ ಹುಟ್ಟುವ ಈ ಪ್ರಾವಸ್ಥೆಯನ್ನು 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರಿ ಎಲ್ಲ ಕ್ವಾಂಟಮ್ ವ್ಯವಸ್ಥೆಗಳಿಗೂ ಅನ್ವಯಿಸುವಂತೆ ನಿರೂಪಿಸಿದರು. ಅದಕ್ಕೂ ಬಹಳ ಮೊದಲು, 1956ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 22 ವರ್ಷದ ಎಸ್. ಪಂಚರತ್ನಂ, ಹರಳುಗಳ ಮೂಲಕ ಹಾಯುವ ಬೆಳಕಿನ ಧ್ರುವೀಕರಣವನ್ನು ಅಭ್ಯಸಿಸುತ್ತ, ಧ್ರುವೀಕರಣದ ಬಗೆಗಳನ್ನು ಗುರುತಿಸುವ ಗೋಳದ ಮೇಲಿನ ವಿಸ್ತೀರ್ಣದ ಅರ್ಧದಷ್ಟು ಪ್ರಾವಸ್ಥೆ ಬೆಳಕಿಗೆ ಸೇರಿಕೊಳ್ಳುತ್ತದೆ ಎಂದು ತೋರಿಸಿದ್ದರು. ಬೆಳಕಿನ ಧ್ರುವೀಕರಣ ಎಂದರೆ ಫೋಟಾನಿನ ಸ್ಪಿನ್ನೇ. ಸಿ. ವಿ. ರಾಮನ್ ಅವರ ಸೋದರಿಯ ಮಗ ಪಂಚರತ್ನಂ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು, ಆಕ್ಸ್‌ಫರ್ಡ್‌ಗೆ ಹೋದರು, 1969ರಲ್ಲಿ 35ನೆಯ ವಯಸ್ಸಿಗೆ ತೀರಿಕೊಂಡರು. ಎಂಬತ್ತರ ದಶಕದಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಆ ಹಳೆಯ ಲೇಖನದತ್ತ ಲೋಕದ ಗಮನ ಸೆಳೆದರು, ಬೆರಿ ಸ್ವತಃ ಅದನ್ನು ಮನಸಾರೆ ಮಾನ್ಯ ಮಾಡಿದರು. ನಮ್ಮ ಊರಿನಲ್ಲಿ ಇಂಥದೊಂದು ಕೆಲಸ ನಡೆದಿತ್ತು ಎಂಬುದು ನಮ್ಮ ಕಾಲೇಜು ಹುಡುಗರಿಗೆಲ್ಲ ಗೊತ್ತಿರಬೇಕು ಎಂದು ನನ್ನ ಹಂಬಲ.

ಆಗಲೇ ಅರ್ಧಕ್ಕೆ ಜಾಗವಿಲ್ಲ ಎಂದೆ. ಅದು ಸಾಮಾನ್ಯ ಹೀಲಿಯಂನ ಮಾತು. ಹೀಲಿಯಂ-3ರ ಜೋಡಿಗೆ ಗಡಿಯಾರದ ಮುಳ್ಳಿನ ಜೊತೆಗೆ ಸ್ಪಿನ್ನಿಗೆ ಸೇರಿದ ಒಂದು ದಿಕ್ಕೂ ಇದೆ. ಆ ದಿಕ್ಕನ್ನು ಅರ್ಧ ಸುತ್ತು ತಿರುಗಿಸಿದರೆ ಅಲೆಗೆ ಒಂದು ಋಣ ಚಿಹ್ನೆ ಬರುತ್ತದೆ. ಮುಳ್ಳನ್ನು ಅರ್ಧ ಸುತ್ತು ತಿರುಗಿಸಿದರೂ ಒಂದು ಋಣ ಚಿಹ್ನೆ. ಎರಡನ್ನೂ ಒಟ್ಟಿಗೆ ಮಾಡಿದರೆ ಋಣ ಋಣ ಸೇರಿ ಧನ. ಹೊರಟ ಸ್ಥಿತಿಗೇ ಮರಳಿದಂತಾಯಿತು. ಹೀಗಾಗಿ ಅಲ್ಲಿ ಅರ್ಧ ಸುಳಿ ಸಾಧ್ಯ, ಉಳಿದರ್ಧವನ್ನು ಸ್ಪಿನ್ ತುಂಬಿಕೊಡುತ್ತದೆ. 1976ರಲ್ಲಿ ವೊಲೊವಿಕ್ ಮತ್ತು ಮಿನೆಯೆವ್ ಇದನ್ನು ಮುನ್ನುಡಿದರು. ಕಣ್ಣಿಗೆ ಬೀಳಲು ನಲವತ್ತು ವರ್ಷ ಹಿಡಿಯಿತು: 2016ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದವರು, ಒಂದೇ ದಿಕ್ಕಿಗೆ ಸಾಲುಗೊಂಡ ಅಲ್ಯುಮಿನಾದ ಸೂಕ್ಷ್ಮ ಎಳೆಗಳ ನಡುವೆ ಹೀಲಿಯಂ-3 ತುಂಬಿ, ಇಡೀ ಶೀತಕ ಯಂತ್ರವನ್ನೇ ತಿರುಗಿಸಿ, ಕಾಂತೀಯ ಅನುರಣನದ ಸಂಕೇತದಲ್ಲಿ ಅರ್ಧ ಸುಳಿಗಳನ್ನು ಗುರುತಿಸಿದರು.

ಕೊನೆಯದಾಗಿ, ಪ್ರಯೋಗಾಲಯದ ಹೊರಗೆ. ನ್ಯೂಟ್ರಾನ್ ನಕ್ಷತ್ರದ ಒಳಗೆ ಅರ್ಧ ಸ್ಪಿನ್ನಿನ ನ್ಯೂಟ್ರಾನುಗಳೂ ಜೋಡಿಯಾಗಿ ಅತಿದ್ರವವಾಗುತ್ತವೆ ಎಂದು ಭೌತವಿಜ್ಞಾನಿಗಳು ಭಾವಿಸುತ್ತಾರೆ. ವೇಲ ಎಂಬ ಪಲ್ಸಾರ್, ಎಂದರೆ ತಿರುಗುತ್ತ ಮಿಡಿತಗಳನ್ನು ಕಳಿಸುವ ನ್ಯೂಟ್ರಾನ್ ನಕ್ಷತ್ರ, ಸೆಕೆಂಡಿಗೆ ಸುಮಾರು 11 ಬಾರಿ ತಿರುಗುತ್ತದೆ. ಫೈನ್‌ಮನ್ನರ ಸೂತ್ರಕ್ಕೇ ಈ ವೇಗ ಹಾಕಿದರೆ, ಅದರೊಳಗೆ ಚದರ ಸೆಂಟಿಮೀಟರಿಗೆ ಸುಮಾರು 70,000 ಸುಳಿಗಳು ಬರುತ್ತವೆ. 1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ವಿ. ರಾಧಾಕೃಷ್ಣನ್ ಮತ್ತು ಡಿಕ್ ಮ್ಯಾಂಚೆಸ್ಟರ್ ಒಂದು ವಿಚಿತ್ರ ಕಂಡರು: ಮೆಲ್ಲಮೆಲ್ಲಗೆ ನಿಧಾನವಾಗುತ್ತಿದ್ದ ವೇಲ ಇದ್ದಕ್ಕಿದ್ದಂತೆ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ಚುರುಕಾಗಿತ್ತು. ರಾಧಾಕೃಷ್ಣನ್ ಮುಂದೆ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಈ ಜಿಗಿತಕ್ಕೆ 1975ರಲ್ಲಿ ಆಂಡರ್ಸನ್ ಮತ್ತು ಇಟೊ ಕೊಟ್ಟ ವಿವರಣೆ ಇಂದಿಗೂ ಚಾಲ್ತಿಯಲ್ಲಿದೆ. ನಕ್ಷತ್ರದ ತೊಗಟೆ ನಿಧಾನವಾದಂತೆ ಒಳಗಿನ ಸುಳಿಗಳೂ ಹೊರಸರಿದು ಕಡಿಮೆಯಾಗಬೇಕು; ಆದರೆ ಅವು ತೊಗಟೆಯ ಪರಮಾಣು ಬೀಜಗಳಿಗೆ ಸಿಕ್ಕಿಕೊಂಡು ನಿಂತುಬಿಡುತ್ತವೆ. ಅತಿದ್ರವ ಹಳೆಯ ವೇಗದಲ್ಲೇ ಉಳಿಯುತ್ತದೆ. ಒಂದು ಹಂತದಲ್ಲಿ ಅಸಂಖ್ಯ ಸುಳಿಗಳು ಒಮ್ಮೆಲೇ ಕಳಚಿಕೊಂಡು, ತಮ್ಮ ಕೋನೀಯ ಸಂವೇಗವನ್ನು ತೊಗಟೆಗೆ ಒಪ್ಪಿಸುತ್ತವೆ. 2016ರ ಡಿಸೆಂಬರ್ 12ರಂದು ಟಾಸ್ಮೇನಿಯಾದ ಮೌಂಟ್ ಪ್ಲೆಸೆಂಟ್ ದೂರದರ್ಶಕ ವೇಲವನ್ನು ನೋಡುತ್ತಿದ್ದಾಗಲೇ ಅಂಥ ಒಂದು ಜಿಗಿತ ಸಂಭವಿಸಿತು. ಮಿಡಿತ ಮಿಡಿತವನ್ನೂ ಬಿಡಿಯಾಗಿ ದಾಖಲಿಸಿದ ಮೊದಲ ಸಂದರ್ಭ ಅದು. ಆ ಗಳಿಗೆಯಲ್ಲಿ ಒಂದು ಮಿಡಿತ ಬರಲೇ ಇಲ್ಲ, ಅದರ ಹಿಂದುಮುಂದಿನ ಕೆಲವು ವಿರೂಪಗೊಂಡಿದ್ದವು. ಒಳಗಿನ ಸುಳಿಗಳು ಎಷ್ಟು ಬೇಗ ಬಿಡಿಸಿಕೊಳ್ಳುತ್ತವೆ ಎಂಬುದನ್ನು ಆ ಕೆಲವೇ ಸೆಕೆಂಡುಗಳ ದಾಖಲೆಯಿಂದ ಈಗ ಲೆಕ್ಕ ಹಾಕುತ್ತಿದ್ದಾರೆ.